ಲೂಪೆಯ ಹರಿದ ಚಾಪೆ

ಲೂಪೆ ಮತ್ತು ನಾನು ಈ ಪರದೇಶದ ಪುಕೆಕೊಹೆ ಊರಿನ ಈರುಳ್ಳಿ ಪ್ಯಾಕ್‌ಹೌಸಿನಲ್ಲಿ ಹನ್ನೊಂದು ವರ್ಷದಿಂದ ಅಕ್ಕಪಕ್ಕ ನಿಂತು ಕೆಲಸ ಮಾಡುತ್ತಿದ್ದೇವೆ. ಬೆಲ್ಟಿನ ಮೇಲೆ ಈರುಳ್ಳಿ ಉರುಳಿಕೊಂಡು ಬರುತ್ತದೆ. ಕೊಳೆತದ್ದು, ಮೊಳೆತದ್ದು ಆರಿಸಿ ಪಕ್ಕಕ್ಕೆ ಹಾಕಬೇಕು. ಅಷ್ಟೇ ಕೆಲಸ.

ಲೂಪೆ ಟೋಂಗಾದವಳು. ಇಲ್ಲಿಂದ ವಿಮಾನದಲ್ಲಿ ಮೂರು ಗಂಟೆ. ಬರೀ ದ್ವೀಪಗಳ ದೇಶ. ಇಡೀ ದೇಶದ ಜನ ಸೇರಿದರೂ ನಮ್ಮ ಮಂಡ್ಯ ಪೇಟೆಯ ಜನದಷ್ಟು ಆಗುವುದಿಲ್ಲ. ಇಪ್ಪತ್ತನೇ ವಯಸ್ಸಿಗೆ ಬಂದಳು, ಈಗ ಐವತ್ತೆಂಟು. ಗಂಡ ಆಸ್ಟ್ರೇಲಿಯಾಕ್ಕೆ ಹೋದವನು ತಿರುಗಿ ಬರಲಿಲ್ಲ. ಇಬ್ಬರು ಮಕ್ಕಳನ್ನು ಈರುಳ್ಳಿ ಆರಿಸಿಯೇ ದೊಡ್ಡವರನ್ನಾಗಿ ಮಾಡಿದಳು. ಅಳುವುದನ್ನು ನಾನು ನೋಡಿಲ್ಲ. ನಕ್ಕರೆ ಮಾತ್ರ ಮೈಯೆಲ್ಲಾ ನಗುತ್ತದೆ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವಳದ್ದೂ ಅಷ್ಟಕ್ಕಷ್ಟೆ. ಅದಕ್ಕೇ ನಮ್ಮಿಬ್ಬರಿಗೆ ಮಾತು ಸಲೀಸು. ಇಲ್ಲಿ ಅವಳ ಮಾತನ್ನೂ ನನ್ನ ಮಾತಿನಲ್ಲೇ ಬರೆದಿದ್ದೇನೆ.

ಭಾನುವಾರ ಅವಳು ಕೆಲಸಕ್ಕೆ ಬರುವುದಿಲ್ಲ. ಮಾಲೀಕರು ಎಷ್ಟು ಕೊಡುತ್ತೇನೆಂದರೂ ಇಲ್ಲ. "ನಮ್ಮ ದೇಶದಲ್ಲಿ ಭಾನುವಾರ ವಿಮಾನವೇ ಹಾರಲ್ಲ, ಕಾನೂನೇ ಹಂಗೆ. ಈರುಳ್ಳಿ ಯಾವ ಲೆಕ್ಕ," ಎನ್ನುತ್ತಾಳೆ.

ನಮ್ಮ ಮನೆಯವರು ಚಂದ್ರಹಾಸ ಅಲ್ಲೇ ಮೆಷಿನ್ ರಿಪೇರಿ ನೋಡಿಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಅವರನ್ನು ಕೆಣಕುವುದು ಲೂಪೆಗೆ ಒಂದು ಕೆಲಸ.

"ಚಂದ್ರಾ, ನೀವು ಅಷ್ಟು ಕೋಟಿ ಜನ ಇದ್ರಿ. ಬ್ರಿಟಿಷರಿಗೆ ಯಾಕೆ ದೇಶ ಬಿಟ್ಕೊಟ್ರಿ? ನಾವು ಹಿಡಿಯಷ್ಟು ಜನ. ನಮ್ಮ ರಾಜ ನಮ್ಮವನೇ ಆಗಿ ಉಳಿದ."

"ನಿಮ್ಮಲ್ಲಿ ಮೆಣಸು ಬೆಳೀತಿರ್ಲಿಲ್ಲ ಲೂಪೆ. ಬಂದು ನೋಡಿದ್ರು, ಬರೀ ತೆಂಗಿನಕಾಯಿ. ನೀವೇ ಇಟ್ಕೊಳ್ಳಿ ಅಂದ್ರು."

ಅವಳು ಅವರ ಬೆನ್ನಿಗೆ ಒಂದು ಗುದ್ದು ಕೊಡುತ್ತಿದ್ದಳು. ಅವರಿಗೆ ಅದು ಎರಡು ದಿನ ನೋಯುತ್ತಿತ್ತು.

ಹೋದ ವರ್ಷ ಆಗಸ್ಟಿನಲ್ಲಿ ಅವರು ಹೋದರು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಬಿದ್ದರು. ಅದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ.

ಅವತ್ತು ಮಧ್ಯಾಹ್ನ ಲೂಪೆ ಬಂದಳು. ಕರಿ ಬಟ್ಟೆ. ಅದರ ಮೇಲೆ ಎದೆಯಿಂದ ಮೊಣಕಾಲಿನವರೆಗೆ ದೊಡ್ಡದೊಂದು ಹಳೇ ಚಾಪೆ ಸುತ್ತಿಕೊಂಡು ಹಗ್ಗ ಬಿಗಿದಿದ್ದಳು. ಚಾಪೆಯ ಅಂಚೆಲ್ಲ ಹರಿದು ಎಳೆ ಎಳೆಯಾಗಿ ನೇತಾಡುತ್ತಿತ್ತು. ಟೋಂಗಾದವರು ಗೌರವಕ್ಕೆ ಸೊಂಟಕ್ಕೆ ಚಾಪೆ ಸುತ್ತುತ್ತಾರೆಂದು ನನಗೆ ಗೊತ್ತಿತ್ತು. ತಾಓವಲ ಎನ್ನುತ್ತಾರೆ. ಚರ್ಚಿಗೆ ಹೋಗುವಾಗ ಅವಳು ಸುತ್ತುವುದು ಚಿಕ್ಕದು, ಚೆಂದದ್ದು. ಇದು ಮೂಟೆ ಕಟ್ಟುವ ಗೋಣಿಯ ಹಾಗಿತ್ತು. ಅವಳು ಸೋಫಾದ ಮೇಲೆ ಕೂರಲಿಲ್ಲ. ಮುಂದಿನ ಕೋಣೆಗೂ ಬರಲಿಲ್ಲ. ಸಾವಿನ ಮನೆಯಲ್ಲಿ ನಾವು ಒಲೆ ಹಚ್ಚುವ ಹಾಗಿರಲಿಲ್ಲ. ಅವಳು ಗ್ಯಾರೇಜಿನಲ್ಲಿ ಗ್ಯಾಸ್ ಇಟ್ಟು ಬಂದವರಿಗೆಲ್ಲ ಅನ್ನ ಮಾಡಿದಳು, ಪಾತ್ರೆ ತೊಳೆದಳು. ಮೂರು ದಿನ. ಬಂದವರಲ್ಲಿ ಒಬ್ಬರು ನನ್ನ ಕಿವಿಯಲ್ಲಿ, "ಆಂಟಿ, ಕೆಲಸದವಳಿಗೆ ಒಂದು ಒಳ್ಳೇ ಬಟ್ಟೆ ಕೊಡಬಾರದಾ," ಎಂದರು. ಆ ಮಾತು ಮನಸ್ಸಿನಲ್ಲಿ ಉಳಿಯಿತು. ಪಾಪ, ಇವಳಿಗೆ ಇರುವುದು ಹರಿದ ಚಾಪೆ ಅಂದುಕೊಂಡೆ.

ಈ ಚಳಿಗಾಲದಲ್ಲಿ ಅವಳ ಬಾಡಿಗೆ ಮನೆಯ ಗೋಡೆಯೆಲ್ಲ ಬೂಷ್ಟು ಹಿಡಿಯಿತು. ಆ ಚಾಪೆಯನ್ನು ಸುರುಳಿ ಮಾಡಿ ತಂದಳು.

"ಇದು ನಮ್ಮಜ್ಜಿ ಹೆಣೆದದ್ದು. ನಿನ್ನ ಬಿಸಿನೀರಿನ ಟ್ಯಾಂಕ್ ಇರೋ ಕಪಾಟು ಒಣಗಿರುತ್ತಲ್ಲ, ಅದರಲ್ಲಿ ಇಟ್ಟಿರು."

ಇಟ್ಟೆ. ಎರಡು ತಿಂಗಳು ಹಾಗೇ ಇತ್ತು. ಒಬ್ಬಳೇ ಮನೆಯಲ್ಲಿ ಕೂತರೆ ಕೈಗೆ ಕೆಲಸ ಬೇಕು. ನಾನು ಸೀರೆಗೆ ಫಾಲ್ಸ್ ಹಾಕುವವಳು, ರವಿಕೆ ಹೊಲಿಯುವವಳು. ಒಂದು ಶನಿವಾರ ಚಾಪೆ ಬಿಡಿಸಿದೆ. ಕೇದಿಗೆಯಂಥ ಗಿಡದ ಎಲೆ ಸೀಳಿ ಹೆಣೆದದ್ದು, ಮುಟ್ಟಿದರೆ ಹಳೇ ಹತ್ತಿಯಷ್ಟು ಮೆತ್ತಗೆ. ನೇತಾಡುವ ಎಳೆಗಳನ್ನೆಲ್ಲ ಕತ್ತರಿಯಿಂದ ನೇರ ಮಾಡಿದೆ. ನನ್ನ ಹಸಿರು ಹತ್ತಿ ಸೀರೆಯ ಅಂಚು ಬಿಚ್ಚಿ ಸುತ್ತಲೂ ಪಟ್ಟಿ ಕೊಟ್ಟೆ. ಮೆಷಿನ್‌ಗೆ ಹಿಡಿಯಲಿಲ್ಲ. ನಮ್ಮವರ ದಬ್ಬಳ ತೆಗೆದು ಕೈಯಲ್ಲೇ ಹೊಲಿದೆ. ನಾಲ್ಕು ಶನಿವಾರ ಹಿಡಿಯಿತು. ಚೆನ್ನಾಗಿ ಬಂತು. ಕತ್ತರಿಸಿದ ಎಳೆಯನ್ನು ಕರಿಬೇವಿನ ಕುಂಡಕ್ಕೆ ಹಾಕಿದೆ. ಅವಳಿಗೆ ಹೇಳಲಿಲ್ಲ. ನೋಡಿ ಖುಷಿಪಡಲಿ ಎಂದು.

ಸೋಮವಾರ ಫೋನ್ ಬಂತು. ಲೂಪೆಯ ಸೋದರತ್ತೆ ಇಲ್ಲೇ ಹತ್ತಿರದ ಮಾಂಗೆರೆಯಲ್ಲಿ ತೀರಿಕೊಂಡಿದ್ದರು. ತೊಂಬತ್ತೊಂದು ವರ್ಷ. ಗುರುವಾರ ಮಣ್ಣು. ಮಂಗಳವಾರ ಕೆಲಸ ಮುಗಿಸಿ ಚಾಪೆಗೆಂದು ಲೂಪೆ ಬಂದಳು. ನಾನೇ ಬಿಡಿಸಿ ತೋರಿಸಿದೆ.

ಅವಳು ಹಸಿರು ಅಂಚಿನ ಮೇಲೆ ಬೆರಳು ಆಡಿಸಿದಳು.

"ಕತ್ತರಿಸಿದ್ದು ಎಲ್ಲಿ?"

"ಕುಂಡದಲ್ಲಿ."

ಹೋಗಿ ನೋಡಿದಳು. ಕೊಳೆತು ಮಣ್ಣಲ್ಲಿ ಬೆರೆತಿತ್ತು. ಬಂದು ನೆಲದ ಮೇಲೆ ಕೂತಳು.

"ಚಂಪಾ, ಇದು ಹರಿದೇ ಇರಬೇಕಿತ್ತು."

ಆಮೇಲೆ ಹೇಳಿದಳು. ಅವರಲ್ಲಿ ಸೋದರತ್ತೆಯೇ ದೊಡ್ಡವಳು. ಅಪ್ಪನಿಗಿಂತ ದೊಡ್ಡವಳು. ನಮ್ಮಲ್ಲಿ ಸೋದರತ್ತೆಗೆ ಮದುವೆಯಲ್ಲಿ ಆರತಿ ತಟ್ಟೆ ಹಿಡಿಸಿ ಮುಗಿಸುತ್ತೇವೆ. ಅಲ್ಲಿ ಅಣ್ಣತಮ್ಮಂದಿರ ಮಕ್ಕಳು ಅವಳ ಮುಂದೆ ಕೆಳಗಿನವರು. ಅವಳು ಸತ್ತರೆ ಅವರು ಹೆಣದ ಹತ್ತಿರ ಕೂರುವ ಹಾಗಿಲ್ಲ, ಹಿಂದೆ ನಿಂತು ಅಡುಗೆ ಮಾಡಬೇಕು. ಎಲ್ಲರಿಗಿಂತ ದೊಡ್ಡದು, ಎಲ್ಲರಿಗಿಂತ ಹರಿದದ್ದು ಸುತ್ತಿಕೊಳ್ಳಬೇಕು. ಚಾಪೆ ಹರಿದಷ್ಟೂ ಹೋದವರು ದೊಡ್ಡವರು ಎಂದು ಅರ್ಥ.

"ಇದನ್ನ ಸುತ್ಕೊಂಡು ಹೋದ್ರೆ ಅತ್ತೆ ಮುಂದೆ ಮದುಮಗಳ ಥರ ನಿಂತಂಗೆ ಆಗತ್ತೆ. ಅವರ ಕೊನೇ ದಿನ ನಾನು ಅವರನ್ನ ಚಿಕ್ಕೋರು ಮಾಡಿದಂಗೆ."

ನನಗೆ ಆಗ ಹೊಳೆಯಿತು. ನಮ್ಮ ಗ್ಯಾರೇಜು. ಆ ಮೂರು ದಿನ.

"ಅವತ್ತು ನಮ್ಮನೆಗೆ ಯಾಕೆ ಇದನ್ನೇ ಸುತ್ಕೊಂಡು ಬಂದೆ? ಅವರು ನಿನಗೆ ಏನೂ ಆಗ್ಬೇಕಿರ್ಲಿಲ್ಲ."

"ಯಾರೂ ಸುತ್ಕೊಂಡಿರ್ಲಿಲ್ಲ," ಎಂದಳು. "ಅಷ್ಟು ಒಳ್ಳೇ ಮನುಷ್ಯ. ಒಬ್ಬರಾದ್ರೂ ಕೆಳಗೆ ಕೂರ್ಬೇಕಲ್ಲ."

ನಾನು ಕತ್ತರಿ ತಂದೆ. ಅವಳೂ ಒಂದು ಕಡೆಯಿಂದ ಹಿಡಿದಳು. ನನ್ನ ಹೊಲಿಗೆ ಗಟ್ಟಿ, ಬೇಗ ಬಿಚ್ಚಲು ಬರಲಿಲ್ಲ.

"ಹಿಂಗೆ ಹೊಲಿದಿದ್ದೀಯಲ್ಲ, ದೋಣಿ ಮಾಡ್ತಿದ್ಯಾ?"

"ಸುಮ್ನೆ ಬಿಚ್ಚು."

ಮೂರು ಕಡೆ ಬಿಚ್ಚಿದೆವು. ನೇರವಾಗಿದ್ದ ಅಂಚನ್ನು ಬೆರಳಿನಿಂದ ಬಿಡಿಸಿ ಎಳೆ ಎಳೆ ಮಾಡಿದೆವು. ಅಂಗಳದ ಕಾಂಕ್ರೀಟಿಗೆ ಉಜ್ಜಿದೆವು. ಅಜ್ಜಿಯ ಕೈಯ ಕೆಲಸವನ್ನು ಹೀಗೆ ಹರಿಯುವುದು ನನಗೆ ಆಗುತ್ತಿರಲಿಲ್ಲ. ನಾನು ನಿಂತರೆ ಅವಳು, "ಎಳಿ, ಎಳಿ," ಎನ್ನುತ್ತಿದ್ದಳು. ನಾಲ್ಕನೇ ಕಡೆ ಎಳೆಯುವಾಗ ಚಾಪೆ ಹಳೇ ಮಡಿಕೆಯಲ್ಲಿ ಬಿರಿಯಿತು. ಮೊಳದಗಲದ ಒಂದು ತುಂಡು ಪೂರಾ ಕಿತ್ತುಬಂತು. ನನ್ನ ಹಸಿರು ಅಂಚು ಅದರಲ್ಲೇ ಉಳಿದಿತ್ತು.

ನಾನು ಅದನ್ನು ಹಿಡಿದುಕೊಂಡು ನಿಂತೆ.

ಲೂಪೆ ದೊಡ್ಡ ತುಂಡನ್ನು ಎತ್ತಿ ನೋಡಿದಳು. "ಈಗ ಸರಿಯಾಯ್ತು. ಮೊದಲಿಗಿಂತ ಹರಿದಿದೆ." ಆಮೇಲೆ ನನ್ನ ಮುಖ ನೋಡಿದಳು. "ಚಾಪೆ ಕೊಯ್ಯೋದು ನಮಗೇನು ಹೊಸದಾ? ಹಿಂದೆ ಸಮುದ್ರದಿಂದ ಬಂದ ನಾವಿಕರ ಬಟ್ಟೆಯೆಲ್ಲ ಹರಿದಿತ್ತಂತೆ. ರಾಜನ ಮುಂದೆ ಹೆಂಗೆ ನಿಲ್ಲೋದು ಅಂತ ದೋಣಿಯ ಹಾಯಿಗೆ ಕಟ್ಟಿದ್ದ ಚಾಪೇನೇ ಕೊಯ್ದು ಸುತ್ಕೊಂಡ್ರು. ಈ ಪದ್ಧತಿ ಶುರುವಾಗಿದ್ದೇ ಅಲ್ಲಿಂದ ಅಂತಾರೆ."

ನನ್ನ ಕೈಯಲ್ಲಿದ್ದ ತುಂಡನ್ನು ತೆಗೆದುಕೊಂಡು ನನ್ನ ಸೊಂಟಕ್ಕೆ ಸುತ್ತಿ ಅಳತೆ ನೋಡಿದಳು. ಒಂದು ಸುತ್ತಿಗೆ ಸರಿಯಾಗಿತ್ತು.

"ಗುರುವಾರ ನೀನೂ ಬರ್ತೀಯ. ಟ್ಯಾರೋ ಗೆಡ್ಡೆ ಸುಲಿಯೋದಕ್ಕೆ ಕೈ ಸಾಲಲ್ಲ."

ನಾನು ಹೋದೆ. ಬಿಳಿ ಕಾಟನ್ ಸೀರೆಯ ಮೇಲೆ ಆ ತುಂಡು ಸುತ್ತಿ ನನ್ನದೇ ಹಳೇ ದುಪಟ್ಟಾ ಬಿಗಿದೆ. ಚರ್ಚಿನ ಹಿಂದೆ ದೊಡ್ಡ ಹಂಡೆಗಳು, ಹೊಗೆ. ಲೂಪೆ ತಲೆಯವರೆಗೆ ಚಾಪೆ ಎಳೆದುಕೊಂಡು ಕೆಲಸ ಮಾಡುತ್ತಿದ್ದಳು. ಮುಖವೇ ಕಾಣುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಗೆಡ್ಡೆ ಸುಲಿದೆ. ಪ್ಯಾಕ್‌ಹೌಸಿನಲ್ಲಿ ನಿಂತ ಹಾಗೇ, ಅವಳು ಎಡಕ್ಕೆ, ನಾನು ಬಲಕ್ಕೆ.

ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ನನ್ನ ಹಸಿರು ಅಂಚನ್ನೇ ನೋಡಿದಳು. ಅವರ ಭಾಷೆಯಲ್ಲಿ ಏನೋ ಕೇಳಿದಳು. ಲೂಪೆ ಏನೋ ಹೇಳಿದಳು. ಮುದುಕಿ ನನ್ನ ತಲೆ ಮುಟ್ಟಿ ಹೋದಳು.

"ಏನು ಕೇಳಿದ್ರು?"

"ಇವಳು ಯಾರಿಗೆ ಸುತ್ಕೊಂಡಿದ್ದಾಳೆ ಅಂದ್ರು."

"ನೀನೇನಂದೆ?"

"ಚಂದ್ರಂಗೆ ಅಂದೆ." ಗೆಡ್ಡೆಯೊಂದನ್ನು ನನ್ನ ಕಡೆ ತಳ್ಳಿದಳು. "ಒಂದು ವರ್ಷ ತಡ ಅಂತಾನೂ ಹೇಳ್ದೆ. ಬೇಗ ಸುಲಿ."