ಅತ್ತೆಯ ತಾಮ್ರದ ಹಂಡೆ, ನಮ್ಮ ಮನೆಯ ಸಮುದ್ರ

ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಮ್ಮ ಅತ್ತೆ ಹೇಳದೇ ಇದ್ದ ಮಾತೊಂದನ್ನು ಮೊನ್ನೆ ಬೆಳಿಗ್ಗೆ ಹೇಳಿದರು. ‘ನೀ ಹೇಳಿದ್ದು ಖರೇ ಐತಿ.’ ಚಿಕ್ಕೋಡಿಯಲ್ಲಿ ಯಾರಾದರೂ ಪಟಾಕಿ ಹೊಡೆಯಬೇಕಿತ್ತು. ನಾನು ಇನ್ನೊಂದು ಕಪ್ ಚಹಾ ಕುಡಿದೆ.

ನನ್ನ ಗಂಡ ಕೊಲ್ಹಾಪುರದಿಂದ ಉಪ್ಪುನೀರಿನ ಅಕ್ವೇರಿಯಂ ತಂದಿದ್ದಾರೆ. (ಸಮುದ್ರ ನೋಡಲು ಗೋವಾಕ್ಕೆ ಕರೆದೊಯ್ಯಿರಿ ಎಂದು ನಾನು ಕೇಳಿದ್ದೆ. ಅವರು ಸಮುದ್ರವನ್ನೇ ಮನೆಗೆ ಕರೆತಂದರು.) ಅದರಲ್ಲಿ ಎರಡು ಕ್ಲೌನ್ ಮೀನು, ಅವುಗಳಿಗೆ ಆಸರೆಯಾಗಿ ಒಂದು ಸೀ ಅನಿಮೋನ್. ನೋಡಲು ಹೂವು, ಅಸಲಿಗೆ ಪ್ರಾಣಿ. ನಮ್ಮದು ಜೈನರ ಮನೆ. ಅತ್ತೆ ಅಂದೇ ಷರತ್ತು ಹಾಕಿದರು: ‘ಇದರಾಗ ಒಂದ್ ಜೀವ ಹೋತಂದ್ರ, ಈ ಗಾಜಿನ ಪೆಟಗಿ ಹೊರಗ.’

ನಾನು ಮನೆಮಂದಿಗೆಲ್ಲ ಪಾಠ ಮಾಡಿದೆ. ನಲ್ಲಿ ನೀರು ಸೀದಾ ಹಾಕಬೇಡಿ, ಬ್ಲೀಚಿಂಗ್ ಪೌಡರ್ ಇರುತ್ತದೆ. ಆವಿಯಾಗಿ ಕಡಿಮೆಯಾದಷ್ಟು ಆರ್‌ಒ ನೀರು ಹಾಕಿ. ಎಲ್ಲರೂ ತಲೆಯಾಡಿಸಿದರು.

ಆದರೂ ಹೂವು ಮುದುಡಿತು. ಒಣ ಅಂಜೂರದಷ್ಟಾಯಿತು. ಗಂಡ ಉಪ್ಪಿನಂಶ ಅಳೆದರು, ಲೈಟ್ ಬದಲಿಸಿದರು, ಅಂಗಡಿಯವನಿಗೆ ಫೋನ್ ಮಾಡಿ ಬೈದರು. ಎಲ್ಲವೂ ಸರಿಯಾಗಿಯೇ ಇತ್ತು. ಹಾಗಾದರೆ ಆದದ್ದೇನು?

ಒಂದು ಬೆಳಿಗ್ಗೆ ನೋಡುತ್ತೇನೆ, ಅತ್ತೆ ತಂಬಿಗೆಯಿಂದ ಮೀನಿನ ತೊಟ್ಟಿಗೆ ನೀರು ಸುರಿಯುತ್ತಿದ್ದಾರೆ.

‘ಯಾವ ನೀರ್ರೀ ಅತ್ತಿ ಅದು?’

‘ನಂದು. ಅರಿವಿಲೆ ಸೋಸಿ, ಕಾಸಿ, ಹಂಡೇದಾಗ ಇಟ್ಟಿದ್ದು. ನಳದ ನೀರು ಬ್ಯಾಡ ಅಂದಿದ್ದೆಲ್ಲ? ಮುನಿಗಳಿಗೂ ಇಂಥಾ ನೀರ ಕೊಡ್ತೀವಿ. ನಿನ್ನ ಮಶೀನ್ ನೀರಿಗಿಂತ ಸ್ವಚ್ಛ ಐತಿ.’

ಸ್ವಚ್ಛವೇನೋ ಹೌದು. ಆದರೆ ಹಂಡೆ? ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿದ ತಾಮ್ರದ್ದು. ನೀರಿಗೆ ಇಳಿದ ತಾಮ್ರ ನಮಗೆ ಏನೂ ಮಾಡದಿರಬಹುದು, ಅನಿಮೋನ್‌ನಂಥ ಮೆತ್ತನೆಯ ಜೀವಿಗೆ ಅದು ವಿಷ. ಕಾಯಿಸಿದರೂ ಹೋಗದು. ನೀರು ಆವಿಯಾಗುತ್ತದೆ, ತಾಮ್ರ ತೊಟ್ಟಿಯಲ್ಲೇ ಉಳಿದು ಕೂಡುತ್ತಾ ಹೋಗುತ್ತದೆ.

ಮೆಲ್ಲಗೆ ಹೇಳಿದೆ. ಅತ್ತೆ ತಂಬಿಗೆ ಕೆಳಗಿಟ್ಟು ಕುಳಿತುಬಿಟ್ಟರು. ‘ಅಂದ್ರ ನನ್ನ ಕೈಲೆ...’ ಎಂದರು.

ಆಮೇಲೆ ಮನೆಮಂದಿಯೆಲ್ಲ ಟೊಂಕ ಕಟ್ಟಿ ನಿಂತೆವು. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಕಲಸಿ ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸಿದೆವು. ತಾಮ್ರ ಹೀರಿಕೊಳ್ಳಲೆಂದು ಫಿಲ್ಟರ್‌ಗೆ ಕಾರ್ಬನ್ ತುಂಬಿದೆವು. ಅತ್ತೆ ತೊಟ್ಟಿಯ ಮುಂದೆಯೇ ಕುರ್ಚಿ ಹಾಕಿಕೊಂಡು ಜಪಮಾಲೆ ಎಣಿಸಿದರು.

ಮೊನ್ನೆ ಬೆಳಿಗ್ಗೆ ಹೂವು ಅರಳಿತು. ಮೀನುಗಳು ಒಳಹೊಕ್ಕು ಮೈ ಉಜ್ಜಿಕೊಂಡವು. ಆ ಮಾತು ಅತ್ತೆಯ ಬಾಯಿಂದ ಬಂದದ್ದು ಆಗಲೇ.

ನಿನ್ನೆ ನಿಪ್ಪಾಣಿಯಿಂದ ಬಂದ ನನ್ನ ನಾದಿನಿ ಬಾಯಾರಿ ಆರ್‌ಒ ಕ್ಯಾನಿಗೆ ಲೋಟ ಹಿಡಿದಳು. ಅತ್ತೆ ಮಗಳ ಕೈ ತಡೆದರು. ‘ಅದು ಮೀನಿಂದವ್ವಾ. ನಿನಗ ಹಂಡೇದಾಗ ಐತಿ.’

ನೀವೇ ಹೇಳಿ, ಸೊಸೆಯೊಬ್ಬಳಿಗೆ ಇದಕ್ಕಿಂತ ದೊಡ್ಡ ಗೆಲುವು ಬೇಕೇ?