ಕಲ್ಲು, ಇಟ್ಟಂಗಿ ಕೂಡುವ ಮಟ್ಟ

ಕೌಜಲಗಿಯಲ್ಲಿ ಇನ್ನೂ ಹೊತ್ತು ಮೂಡಿಲ್ಲ. ಅರ್ಧ ಎದ್ದ ಗೋಡೆಗೆ ಕಿವಿ ಹಚ್ಚಿ ತಾಜುದ್ದೀನ ಗೌಂಡಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದಾರೆ. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಪೊಳ್ಳು. ಪೊಳ್ಳು ಕೇಳಿದಲ್ಲಿ ಅವರ ಮುಖ ಸಪ್ಪಗಾಗುತ್ತದೆ.

ಹುಕ್ಕೇರಿಯ ಇವರು ಇಂಗ್ಲಿಷರ ಕಾಲದಿಂದ ಗೋಕಾಕ, ಮೂಡಲಗಿ ಸುತ್ತಿನ ಹಳ್ಳಿಗಳಲ್ಲಿ ಗೋಡೆ ಎಬ್ಬಿಸುತ್ತ ಬಂದವರು. ತುಕ್ಕಾನಟ್ಟಿಯಲ್ಲಿ ಅವರ ಗೋಡೆಗೆ ಒರಗಿ ಎಲೆಅಡಿಕೆ ಮೆಲ್ಲುವವರಿಗೆ ಕಟ್ಟಿದವರ ಹೆಸರು ಕೇಳಿ ನೋಡಿ, ಆಕಾಶ ನೋಡುತ್ತಾರೆ. ತಾಜುದ್ದೀನರ ಎಡಗೈಯ ಕಿರುಬೆರಳು ಕಲ್ಲಿನಡಿ ಸಿಕ್ಕಿ ಹೋಗಿದೆ. "ಇರ್ಲಿ ಬಿಡ್ರಿ, ಅಳತಿಗೆ ಬೇಕಾದ ಬೆರಳು ಉಳದಾವ," ಎಂದು ನಗುತ್ತಾರೆ.

ಇಲ್ಲಿಯ ಗೋಡೆಗೆ ಹೊರಗೆ ಕಲ್ಲು, ಒಳಗೆ ಇಟ್ಟಂಗಿ. ಎರಡರ ಸಾಲುಗಳ ಎತ್ತರ ಬೇರೆ ಬೇರೆ. ಎರಡೂ ಒಂದೇ ಮಟ್ಟಕ್ಕೆ ಬಂದಲ್ಲಿ ಮಾತ್ರ ಎರಡನ್ನೂ ಹಿಡಿದು ನಿಲ್ಲಿಸುವ ಉದ್ದನೆಯ ಕಲ್ಲನ್ನು ಅಡ್ಡ ಇಡಬೇಕು. ಇಲ್ಲದಿದ್ದರೆ ಗೋಡೆ ಹೊಟ್ಟೆ ಬಿಟ್ಟು ಸೀಳುತ್ತದೆ. ಕಲ್ಲಿನ ಸಾಲು ಎಂಟು ಬೆರಳು, ಹಳೆಯ ಇಟ್ಟಂಗಿ ಮೂರು ಬೆರಳು. ಇಪ್ಪತ್ನಾಲ್ಕಕ್ಕೆ, ಅಂದರೆ ಸರಿಯಾಗಿ ಒಂದು ಮೊಳಕ್ಕೆ, ಎರಡೂ ಕೂಡುತ್ತವೆ. ಸಾಲೆಯಲ್ಲಿ ನಾವೆಲ್ಲ ಲ.ಸಾ.ಅ. ಎಂದು ಬೆವರು ಸುರಿಸಿದ್ದು ಇದಕ್ಕೇ.

ಆದರೆ ಈ ಮನೆಗೆ ಘಟಪ್ರಭಾದಿಂದ ಬಂದ ಹೊಸ ಇಟ್ಟಂಗಿ ದಪ್ಪ, ಐದು ಬೆರಳು. ತಾಜುದ್ದೀನ ನೆಂಟರ ಮದುವೆಗೆ ಊರಿಗೆ ಹೋಗಿದ್ದಾಗ ಜೊತೆಗಾರ ಲಕ್ಕಪ್ಪ ರೂಢಿಯಂತೆ ಮೊಳಕ್ಕೇ ಉದ್ದಗಲ್ಲು ಇಟ್ಟುಬಿಟ್ಟಿದ್ದಾನೆ. ಒಳಗೆ ಇಟ್ಟಂಗಿ ನಾಲ್ಕು ಬೆರಳು ಕೆಳಗೇ ಉಳಿದಿತ್ತು. ಆ ಸಂದಿಗೆ ರಾಡಿ ತುಂಬಿದ್ದಾನೆ.

"ಕೈ ಮೊಳಕ್ಕ ಪಳಗೇತಿ ಕಾಕಾ," ಎಂದು ಲಕ್ಕಪ್ಪ ತಲೆ ತಗ್ಗಿಸುತ್ತಾನೆ.

"ನಂದೂ ಹಂಗ ಹೋಗತಿತ್ತೋ. ಅದಕ್ಕ ಕೋಲು ನೋಡಾವ ನಾ," ಎನ್ನುತ್ತ ತಾಜುದ್ದೀನ ಹೊಸ ಅಳತೆಗೋಲೊಂದಕ್ಕೆ ಗೀರು ಹಾಕುತ್ತಾರೆ. ಒಂದು ಬಾಜೂ ಎಂಟೆಂಟು ಬೆರಳಿಗೆ, ಇನ್ನೊಂದು ಬಾಜೂ ಐದೈದಕ್ಕೆ. ಎರಡು ಗೀರು ಎದುರುಬದುರಾಗುವುದು ನಲವತ್ತನೆಯ ಬೆರಳಿಗೆ. ಅಲ್ಲಿಯವರೆಗೆ ಉದ್ದಗಲ್ಲಿಗೆ ಜಾಗವೇ ಇಲ್ಲ.

"ಕೆಡವಬೇಕು ತಂಗಿ," ಎನ್ನುತ್ತಾರೆ ಮನೆಯೊಡತಿ ಪಾರವ್ವನಿಗೆ.

ಪಾರವ್ವ ಹೌಹಾರುತ್ತಾಳೆ. "ಮಿರಗದ ಮಳಿ ಬಾಗಲಕ್ಕ ಬಂದೈತಿ ಅಣ್ಣಾ. ಈಗ ಕೆಡವಿದ್ರ ನಾವು ಎಲ್ಲಿ ಮಲಗೂನು?"

ಅವಳ ಭಯ ಸುಳ್ಳಲ್ಲ. ಹೋದ ವರ್ಷ ಹಳೆಯ ಮನೆಯ ಗೋಡೆ ಬಿದ್ದು ಅತ್ತೆ ಅಲ್ಲವ್ವನ ಕಾಲು ಮುರಿದಿದೆ. ಅಂದಿನಿಂದ ಮನೆಮಂದಿಯೆಲ್ಲ ನೆಂಟರ ಸೋರುವ ದನದ ಕೊಟ್ಟಿಗೆಯಲ್ಲಿದ್ದಾರೆ. ಅಲ್ಲಿಯೂ ಅಲ್ಲವ್ವ ಗೋಡೆಯಿಂದ ದೂರ, ನಡುವೆಯೇ ಹಾಸಿಗೆ ಹಾಸುತ್ತಾಳೆ. ಈಗ ಕೋಲೂರಿಕೊಂಡು ಬಂದ ಆ ಮುದುಕಿಯೇ ಮಾತು ಮುಗಿಸುತ್ತಾಳೆ.

"ಕೆಡವಲಿ ಬಿಡ. ಮಳಿಗಾದ್ರ ಗೋಣಿಚೀಲ ಹೊದ್ದೇವು. ಗ್ವಾಡಿ ಬಿದ್ರ ಏನ ಹೊದಿಯೂನು?"

ಲಕ್ಕಪ್ಪನೇ ಮೊದಲ ಕಲ್ಲು ಇಳಿಸುತ್ತಾನೆ. ದಿನವೂ ಬೆಳಕು ಹರಿಯುವ ಮುಂಚೆ ಶುರುವಾಗುವ ಕೆಲಸ ಕತ್ತಲಾಗುವತನಕ ನಡೆಯುತ್ತದೆ. ಕಲ್ಲು ಐದು ಸಾಲು, ಇಟ್ಟಂಗಿ ಎಂಟು ಸಾಲು, ಆಮೇಲೆಯೇ ಉದ್ದಗಲ್ಲು. ಮಾಳಿಗೆಯ ಮಣ್ಣಿನ ಮೇಲ್ಮುದ್ದೆ ಅರ್ಧ ಹಾಕಿದಾಗಲೇ ಮಳೆ ಹಿಡಿಯುತ್ತದೆ, ಗೋಣಿಚೀಲ ಹೊದೆಯುವುದು ತಪ್ಪುವುದಿಲ್ಲ. ಇಂಥ ಹಟಕ್ಕೆ ನನಗಂತೂ ಕೈ ಮುಗಿಯಬೇಕೆನಿಸುತ್ತದೆ.

ಮಳೆಗಾಲದ ನಡುವೆ ಮತ್ತೆ ಆ ಮನೆಗೆ ಹೋಗುತ್ತೇನೆ. ಅಲ್ಲಿಂದ ತಾಜುದ್ದೀನ ಈಗ ಗೋಡೆ ಎಬ್ಬಿಸುತ್ತಿರುವ ಮೂಡಲಗಿಗೆ. ಮುಂದೇನು ಆಸೆ ಎಂದು ಕೇಳಿದರೆ ಅವರು ತಿರುಗಿ ನನ್ನನ್ನೇ ಕೇಳುತ್ತಾರೆ.

"ಕೌಜಲಗಿ ಮುದುಕಿ ಎಲ್ಲಿ ಹಾಸತಾಳ್ರಿ ಈಗ?"

"ಗೋಡೆಯ ಮಗ್ಗುಲಿಗೇ. ಬೆನ್ನು ಹಚ್ಚಿ ಮಲಗಿದ್ದಳು, ಗೊರಕೆ ಹೊಡೆಯುತ್ತ."

ತಾಜುದ್ದೀನ ಕೈಯಲ್ಲಿನ ಕಲ್ಲಿನ ಮಣ್ಣು ಒರೆಸುತ್ತಾರೆ.

"ಹಂಗಾರ ಮುಗೀತಲ್ರಿ," ಎಂದು ಕಲ್ಲನ್ನು ಸಾಲಿಗೆ ಕೂಡಿಸುತ್ತಾರೆ.