ಸತ್ತವರನ್ನು ಕೂರಿಸುತ್ತಿದ್ದ ಆಯಿ

ಇದನ್ನು ಹೇಳಲು ನಾನು ಬಹಳ ತಡ ಮಾಡಿದ್ದೇನೆ. ಮೊದಲು ಮಗಳ ಮದುವೆ ಮುಗಿಯಲಿ ಅಂದುಕೊಂಡೆ. ಆಮೇಲೆ ಅವಳ ಬಾಣಂತನ ಮುಗಿಯಲಿ ಎಂದೆ. ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಎಂದೆ. ಪೊರೆ ತೆಗೆಸಿ ಎರಡು ವರ್ಷವಾಯಿತು, ಅಕ್ಷರಗಳು ನಿಚ್ಚಳವಾಗಿ ಕಾಣುತ್ತವೆ. ಇನ್ನು ನೆವ ಉಳಿದಿಲ್ಲ.

ನಮ್ಮದು ಅಂಕಲಗಿಯಿಂದ ಒಳಗಿರುವ ಸಣ್ಣ ಊರು. ಹತ್ತನೆಯ ಇಯತ್ತೆ ಮುಗಿಸಿ ನಾನು ಅಪ್ಪನ ಹಿಟ್ಟಿನ ಗಿರಣಿಯಲ್ಲಿ ನಿಂತವನು ನಲವತ್ತು ವರ್ಷ ಅಲ್ಲೇ ನಿಂತೆ. ಗಿರಣಿಯ ಹಿಂದೆ ನಮ್ಮ ಮನೆ. ಮನೆಗೆ ಹತ್ತಿದ ಗೋಡೆಯಾಚೆ ಒಂದೇ ಖೋಲಿಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಓಣಿಗೆಲ್ಲ ಆಕೆ ಆಯಿ. ಮದುವೆಯಾಗಿ ಬಂದ ನಾಲ್ಕೇ ವರ್ಷಕ್ಕೆ ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಕಳೆ ತೆಗೆಯಲು, ಗೋವಿನಜೋಳ ಮುರಿಯಲು ಹೋಗಿ ಹೊಟ್ಟೆ ಹೊರೆದುಕೊಂಡಳು. ಆದರೆ ಊರು ಆಕೆಯನ್ನು ಗುರುತಿಸುತ್ತಿದ್ದದ್ದು ಬೇರೆ ಕೆಲಸಕ್ಕೆ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಮೈ ತೊಳೆದು, ಚಕ್ಕಳಮಕ್ಕಳ ಹಾಕಿಸಿ ಕೂರಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಊರಲ್ಲಿ ಹೆಣ್ಣುಮಕ್ಕಳು ತೀರಿದರೆ ಅವರನ್ನು ಕೂರಿಸುವಾಕೆ ಆಯಿ. ಯಾರ ಮನೆಯಲ್ಲೂ ಅದಕ್ಕೆ ಏನನ್ನೂ ಮುಟ್ಟುತ್ತಿರಲಿಲ್ಲ, ಒಂದು ಕಪ್ ಚಹಾ ಕೂಡ.

"ಜೀವ ಹ್ವಾದ ಕೂಡ್ಲೇ ನನ್ನ ಕರೀರಿ," ಎನ್ನುತ್ತಿದ್ದಳು. "ಮೂರು ನಾಕು ತಾಸು ಬಿಟ್ರ ಮೈ ಕಟಿಗಿ ಆಗ್ತೈತಿ. ಆಮ್ಯಾಲೆ ನಾ ಬಿಸಿನೀರು ಹಾಕಿ ತಿಕ್ಕಬೇಕು, ನೀವು ಅಳೂದು ಬಿಟ್ಟು ನನ್ನ ನೋಡ್ಕೋತ ಕುಂದ್ರಬೇಕು."

ಚೇಷ್ಟೆಯೂ ಇತ್ತು. ನನ್ನ ಹೆಂಡತಿ ಮೊಣಕಾಲು ನೋವೆಂದು ಹೊಸ್ತಿಲಲ್ಲಿ ಕೂತರೆ, "ಯವ್ವಾ, ಈಗs ಕಟಿಗಿಯಂಗ ಇಷ್ಟು ಬಿರುಸಾದ್ರ ಮುಂದ ನನಗ ಕೆಲಸ ಹೆಚ್ಚ ಮಾಡ್ತೀ ನೀ," ಎನ್ನುತ್ತಿದ್ದಳು. ನನ್ನ ಹೊಟ್ಟೆ ನೋಡಿ, "ಗಂಡಸರದು ನನ್ನ ಕೆಲಸಲ್ಲ, ಪಾರಾದೆ. ನಿನ್ನ ಎತ್ತಿ ಕುಂದ್ರಸಾಕ ಗಿರಣಿ ಬೆಲ್ಟs ಬೇಕು."

ನನ್ನ ಹೆಂಡತಿ ಮೂಡಲಗಿಯವಳು, ಚಿಕ್ಕಂದಿನಲ್ಲೇ ತಾಯಿ ಕಳೆದುಕೊಂಡವಳು. ದಿನಾ ಬೆಳಿಗ್ಗೆ ಮೊದಲ ರೊಟ್ಟಿ ಆಯಿಗೆ ಕೊಟ್ಟೇ ಉಳಿದದ್ದು ನಮಗೆ.

ಮಗಳಿಗೆ ಕೂಡಿಬಂದ ಎರಡು ಸಂಬಂಧಗಳು ಮುರಿದಿದ್ದವು. ಮೂರನೆಯದು ಹುಕ್ಕೇರಿ ತಾಲೂಕಿನದು, ನಿಡಸೋಸಿ ಹತ್ತಿರದವರು. ನಿಶ್ಚಯ ಮಾಡಿ ಸಕ್ಕರೆ ಹಂಚಲು ಅವರು ಬರುವ ದಿನ ಗೊತ್ತಾಯಿತು. ಮಾಗಿಯ ಚಳಿ. ಆ ದಿನ ಬೆಳಿಗ್ಗೆ ಆರೂವರೆಗೆ, ಬೀಗರ ಕಾಲಿಗೆ ನೀರಿಡಲು ಆಯಿಯ ತಾಮ್ರದ ಹಂಡೆ ತರಲೆಂದು ಪಕ್ಕದ ಮನೆಗೆ ಹೋದೆ.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಬರೀ ಮುಂದೆ ಮಾಡಿತ್ತು. ಆಯಿ ನೆಲದ ಮೇಲೆ ಬಿದ್ದಿದ್ದಳು. ಕೌದಿ ಒಂದು ಕಡೆ, ಆಕೆ ಒಂದು ಕಡೆ. ಬಾಯಿ ತೆರೆದಿತ್ತು, ಕಣ್ಣು ಅರ್ಧ ಮುಚ್ಚಿದ್ದವು. "ಆಯಿ," ಎಂದೆ. ಇನ್ನೊಮ್ಮೆ ಕರೆದೆ. ಬಗ್ಗಿ ಪಾದ ಮುಟ್ಟಿದೆ. ತಣ್ಣಗಿತ್ತು. ಮೂಗಿನ ಹತ್ತಿರ ಬೆರಳು ಹಿಡಿಯಲಿಲ್ಲ, ನಾಡಿ ನೋಡಲಿಲ್ಲ. ಸತ್ತಿದ್ದಾಳೆ ಎಂದುಕೊಂಡೆ.

ನಮ್ಮವರಿಗೆ ಸೂತಕವಿಲ್ಲವೆಂದು ಮಠದಲ್ಲಿ ಹೇಳುತ್ತಾರೆ, ನಾವೂ ತಲೆಯಾಡಿಸುತ್ತೇವೆ. ಆದರೆ ಓಣಿಯಲ್ಲಿ ಹೆಣವಿದ್ದರೆ ಅದು ಹೊರಡುವ ತನಕ ಯಾರೂ ಒಲೆ ಹೊತ್ತಿಸುವುದಿಲ್ಲ. ಬೀಗರು ಬಾಗಿಲಿಂದಲೇ ಹಿಂದಿರುಗುತ್ತಾರೆ. ಸಂಬಂಧ ಮೂರನೆಯ ಸಲವೂ ಮುರಿದರೆ ನಾಲ್ಕನೆಯವರು ಬರುವುದಿಲ್ಲ. ಇದೆಲ್ಲ ಯೋಚಿಸಲು ನನಗೆ ಎಷ್ಟು ಹೊತ್ತು ಬೇಕಾಯಿತು? ಏನೂ ಇಲ್ಲ. ಮೂಲೆಯಲ್ಲಿದ್ದ ಹಂಡೆ ಎತ್ತಿಕೊಂಡೆ. ಆಕೆಯ ಕಾಲು ದಾಟಿ ಹೊರಗೆ ಬಂದು ಬಾಗಿಲು ಎಳೆದೆ. ಸಂಜೆ ಹೇಳಿದರೂ ಸತ್ತವಳು ಸತ್ತವಳೇ, ಆಕೆಗೇನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ.

ಏಳು ಗಂಟೆಗೆ ಹೆಂಡತಿ ತಾಟಿನಲ್ಲಿ ರೊಟ್ಟಿ ಹಾಕಿಕೊಂಡು ಹೊರಟಳು.

"ಎಲ್ಲಿಗೆ?"

"ಆಯಿಗೆ ಕೊಟ್ಟ ಬರ್ತೇನ್ರಿ."

"ಬ್ಯಾಡ. ಈಗ ನೋಡಿ ಬಂದೇನಿ. ನಿದ್ದಿ ಹತ್ತೈತಿ, ಎಬ್ಬಸಬ್ಯಾಡ."

ಹನ್ನೊಂದಕ್ಕೆ ಮತ್ತೆ ಕೇಳಿದಳು. "ಇಷ್ಟೊತ್ತನಕ ಮಲಗಾಕಿ ಅಲ್ರಿ ಆಕಿ. ಒಂದೀಟು ಇಣುಕಿ ಬರ್ತೇನಿ."

"ಬೀಗರು ಕುಂತಾರ, ನೀ ಓಣ್ಯಾಗ ತಿರಗ್ತಿ? ಹೋಳಿಗಿ ನೋಡು ಹೋಗು," ಎಂದು ಗದರಿದೆ. ಆಕೆ ಒಳಗೆ ಹೋದಳು.

ಬೀಗರು ಬಂದ ಜೀಪು ಇಡೀ ದಿನ ನನ್ನ ಬಾಗಿಲಲ್ಲೇ ನಿಂತಿತ್ತು. ಗೋಕಾಕದ ದವಾಖಾನೆಗೆ ಎಷ್ಟು ದೂರ? ಈ ಪ್ರಶ್ನೆ ಅವತ್ತು ನನಗೆ ಬರಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ನಗುತ್ತಿದ್ದಾಗ ಗೋಡೆಯಾಚೆ ಏನೋ ಸದ್ದಾದಂತಾಯಿತು. ಒಣಗಿದ ಗಂಟಲಿನ ಕೆಮ್ಮಿನಂತೆ. ನಿಜಕ್ಕೂ ಕೇಳಿದೆನೋ, ನಂತರದ ವರ್ಷಗಳಲ್ಲಿ ನನ್ನ ಕಿವಿಯೇ ಅದನ್ನು ಹುಟ್ಟಿಸಿಕೊಂಡಿತೋ, ಹೇಳಲಾರೆ. ಈಗ ದಿನಾ ಕೇಳುತ್ತದೆ. ಅವತ್ತು ಎರಡು ಹೋಳಿಗೆ ತಿಂದೆ, ಮೂರನೆಯದನ್ನು ಬೀಗರು ಒತ್ತಾಯ ಮಾಡಿ ಹಾಕಿಸಿದರು.

ಜೀಪು ಹೋದದ್ದು ಮೂರೂವರೆಗೆ. "ಈಗ ಆಯಿಗೆ ಊಟ ಕೊಟ್ಟು ಬಾ," ಎಂದೆ ಹೆಂಡತಿಗೆ. ಆಕೆ ಹೋಳಿಗೆ ಹಿಡಿದು ಓಡಿದಳು. ಅವಳ ಕೂಗು ಕೇಳಿ ನಾನೂ ಈಗ ಗೊತ್ತಾದವನಂತೆ ಓಡಿದೆ.

ಹೆಂಗಸರು ಸೇರಿದರು. ಕೂರಿಸುವಾಕೆಯೇ ಹೋಗಿದ್ದಳು, ಉಳಿದವರಿಗೆ ಕೈ ಪಳಗಿರಲಿಲ್ಲ. ಕೊನೆಗೆ ಎದುರು ಮನೆಯ ಹಿರಿಯಾಕೆ ಮುಂದೆ ಬಂದು ಆಯಿಯ ಕಾಲು ಹಿಡಿದಳು. ಅಷ್ಟು ಹೊತ್ತಿಗೆ ಕಾಲು ಕಟ್ಟಿಗೆಯಾಗಿರುತ್ತದೆ ಎಂದು ನಾನು ಬಾಗಿಲಲ್ಲಿ ಹಲ್ಲು ಕಚ್ಚಿ ನಿಂತಿದ್ದೆ. ಮೊಣಕಾಲು ಮಣಿಯಿತು. ಇನ್ನೊಂದೂ ಮಣಿಯಿತು.

"ಹೂವಿನಂಗ ಬಂತಲ್ಲವ್ವಾ!" ಎಂದಳು ಹಿರಿಯಾಕೆ. ಕಂಕುಳಲ್ಲಿ ಕೈಯಿಟ್ಟು ನೋಡಿದಳು. "ಬೆಚ್ಚಗs ಅದಾಳ. ಹೋಗಿ ಒಂದು ತಾಸೂ ಆಗಿಲ್ಲ."

"ಎಷ್ಟು ಮಂದೀನ ಕುಂದ್ರಿಸಿದಾಕಿ. ತಾ ಯಾರಿಗೂ ತ್ರಾಸ ಕೊಡಲಿಲ್ಲ ನೋಡು," ಎಂದಳು ಇನ್ನೊಬ್ಬಳು. ಪುಣ್ಯವಂತರ ಸಾವು ಎಂದು ಎಲ್ಲರೂ ಕೈ ಮುಗಿದರು.

ಒಂದು ತಾಸೂ ಆಗಿಲ್ಲ. ಅಂದರೆ ಬೆಳಿಗ್ಗೆ ಆರೂವರೆಗೆ ಆಕೆ ಬದುಕಿದ್ದಳು. ನಾನು ಹೆಂಡತಿಗೆ ಸುಳ್ಳೆಂದು ತಿಳಿದೇ ಹೇಳಿದ್ದು, ಆಯಿ ಮಲಗಿದ್ದಾಳೆ ಎಂದು. ಆ ಸುಳ್ಳಿಗಿಂತ ನಿಜ ಕೆಟ್ಟದ್ದಾಗಿತ್ತು. ಒಂಬತ್ತು ತಾಸು ಆಕೆ ಆ ನೆಲದ ಮೇಲೆ ಜೀವ ಹಿಡಿದು ಬಿದ್ದಿದ್ದಳು. ನಾನು ಹಂಡೆ ತರುವಾಗ ಆ ಅರ್ಧ ಕಣ್ಣುಗಳಿಗೆ ನನ್ನ ಕಾಲು ಕಂಡವೇನೋ.

ಮರುದಿನ ಮಣ್ಣು ಮಾಡಿದೆವು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬೆಳಿಗ್ಗೆ ನೋಡಿದ್ದೆ, ನಿದ್ದೆಯಲ್ಲಿದ್ದಳು, ಮಧ್ಯಾಹ್ನ ಹೋದಳು, ಎಲ್ಲವೂ ಸರಿ ಹೊಂದುತ್ತಿತ್ತು. ತಪ್ಪನ್ನು ಹೊತ್ತುಕೊಂಡದ್ದು ನನ್ನ ಹೆಂಡತಿ. "ಹಸಿದು ಹ್ವಾದಳ್ರಿ. ನಾ ಹೋಳಿಗಿ ಬೇಯಿಸ್ಕೋತ ನಿಂತೆ," ಎಂದು ಅತ್ತಳು. ಮೂರು ತಿಂಗಳ ನಂತರ ಓಣಿಯಲ್ಲಿ ಒಬ್ಬಾಕೆ ತೀರಿದಾಗ ಯಾರೂ ಕರೆಯದೆ ಎದ್ದು ಹೋದಳು. ಆವತ್ತಿನಿಂದ ಆ ಕೆಲಸ ಇವಳದಾಯಿತು. ಬಿತ್ತನೆಯ ದಿನವಿರಲಿ, ಹಬ್ಬವಿರಲಿ, ತನ್ನ ಮೊಣಕಾಲು ಹಿಡಿದುಕೊಂಡೇ ಹೋಗುತ್ತಾಳೆ. ಊರು ಅವಳನ್ನು ಹೊಗಳುತ್ತದೆ. ಅಂಥವಳನ್ನು ಕಳಿಸಿಕೊಡುವ ಗಂಡನೆಂದು ನನ್ನನ್ನೂ ಹೊಗಳುತ್ತದೆ.

ಬಂದು ಸ್ನಾನ ಮಾಡಿ, ನನ್ನೆದುರು ಕೂತು ಹೇಳುತ್ತಾಳೆ, ಇವತ್ತಿನಾಕೆ ಎಷ್ಟು ಬಿರುಸಾಗಿದ್ದಳು, ಹೋಗಿ ಎಷ್ಟು ತಾಸಾಗಿತ್ತು. ಈಗ ಅವಳ ಕೈಗೂ ಆ ಲೆಕ್ಕ ಬರುತ್ತದೆ. ಹೋದ ವರ್ಷ ಹೀಗೇ ಕೂತವಳು ಅಂದಳು, "ಅವತ್ತು ಆಯಿ ಕಾಲು ಮಣಿದದ್ದು ನೆನಸಿದ್ರ, ನಾ ಹನ್ನೊಂದಕ್ಕ ಕೇಳಿದಾಗ ಜೀವ ಇತ್ರಿ ಆಕಿಗೆ. ನಿಮ್ಮ ಮಾತು ಮೀರಿ ನಾ ಒಂದ ಹೆಜ್ಜಿ ಹೋಗಬೇಕಿತ್ತು. ನಂದs ತಪ್ಪು."

ಬಾಯಿ ತೆರೆದೆ. "ದೊಡ್ಡ ಜೀವ, ಹೊತ್ತು ಬಂದಿತ್ತು ಬಿಡು," ಎಂದಷ್ಟೇ ಹೊರಬಂತು. ಮಗಳ ಸಂಸಾರ ಚೆನ್ನಾಗಿದೆ, ಇಬ್ಬರು ಮಕ್ಕಳು. ಅದು ಕೆಟ್ಟಿದ್ದರೆ ನನಗೆ ಬಾಯಿ ಬರುತ್ತಿತ್ತೇನೋ.

ಆಯಿಯನ್ನು ಮಣ್ಣು ಮಾಡಿದ ಜಾಗಕ್ಕೆ ಅಮಾವಾಸ್ಯೆಗೊಮ್ಮೆ ಹೋಗಿ ತಪ್ಪಾಯಿತೆಂದು ಗಟ್ಟಿಯಾಗಿಯೇ ಹೇಳಿ ಬರುತ್ತೇನೆ. ಅದೇನೂ ಕಷ್ಟವಲ್ಲ, ಅಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಆ ಮಾತನ್ನು ನಾನು ಇವತ್ತಿನವರೆಗೆ ಹೇಳದೇ ಇರುವುದು, ಹನ್ನೆರಡು ವರ್ಷದಿಂದ ನನ್ನ ತಪ್ಪನ್ನು ತನ್ನದೆಂದು ಹೊತ್ತು ತಿರುಗುತ್ತಿರುವ ನನ್ನ ಹೆಂಡತಿಗೆ.